ಡೋಟಾದಲ್ಲಿ ಯಾರು ಯಾವ ಐಟಂ ಕೊಳ್ಳಬೇಕು: ಗಂಗಾವತಿ ತಮ್ಮನ ಪ್ರಶ್ನೆಗೆ

ತಮ್ಮಾ, ನೀನು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಮೇಲಿನ ಮೆಸೇಜ್ ಓದದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಂಗಾವತಿಯ ಐದು ಹುಡುಗರು ಒಟ್ಟಿಗೆ ಡೋಟಾ 2 ಆಡುತ್ತಾರೆ. ಐದೈದು ಜನರ ಎರಡು ತಂಡ, ಒಬ್ಬೊಬ್ಬರಿಗೆ ಒಂದೊಂದು ಹೀರೋ, ಎದುರಾಳಿಯ ಬೇಸ್ ಕೆಡವುವ ಆನ್‌ಲೈನ್ ಆಟ ಅದು; ಆಟದಲ್ಲಿ ಗಳಿಸಿದ ಗೋಲ್ಡ್ ಕೊಟ್ಟು ಐಟಂ, ಅಂದರೆ ಆಯುಧ-ಸಾಮಾನು, ಕೊಳ್ಳಬೇಕು. ಐದೂ ಜನ ಗೇಮ್‌ನೊಳಗೆ ಬರುವ ಗೈಡ್ ನೋಡಿ, ಅದು ತೋರಿಸಿದ ಐಟಂಗಳನ್ನೇ ಸಾಲಾಗಿ ಕೊಳ್ಳುತ್ತಾರೆ. ಶುರುವಿನಲ್ಲಿ ಲೇನ್‌ನಲ್ಲಿ (ಬೇಸ್ ಕಡೆ ಹೋಗುವ ದಾರಿಯಲ್ಲಿ) ಚೆನ್ನಾಗಿಯೇ ಆಡುತ್ತಾರೆ, 30 ನಿಮಿಷ ದಾಟಿದ ಮೇಲೆ ಸೋಲುತ್ತಾರೆ. "ಯಾವ ರೋಲ್‌ಗೆ ಯಾವ ಐಟಂ, ಒಂದು ಪಟ್ಟಿ ಕೊಡ್ರಿ ಅಣ್ಣಾ" ಅಂತ ಕೇಳಿದ್ದಾನೆ.

ಪಟ್ಟಿ ಕೊಡಲ್ಲ. ನಿಮ್ಮ ಹತ್ತಿರ ಪಟ್ಟಿ ಇದ್ದೇ ಇದೆ, ತೊಂದರೆ ಇರುವುದೇ ಅಲ್ಲಿ. ಗೈಡ್ ಬರೆದವನಿಗೆ ನಿನ್ನ ಹೀರೋ ಗೊತ್ತು, ನಿನ್ನೆದುರು ಯಾವ ಐದು ಜನ ನಿಂತಿದ್ದಾರೆ ಅಂತ ಗೊತ್ತಿಲ್ಲ. ನಮ್ಮ ಬಳ್ಳಾರಿಯ ರೆಡಿಮೇಡ್ ಜೀನ್ಸ್ ಇದ್ದ ಹಾಗೆ ಅದು. ಸೊಂಟಕ್ಕೆ ಸರಿ ಕೂರುತ್ತದೆ, ಉದ್ದ ಮಾತ್ರ ಟೈಲರ್ ಹತ್ತಿರ ಹೋಗಿ ಮಡಿಚಿಸಿಕೊಳ್ಳಬೇಕು. ಆ ಮಡಿಚಿಸುವ ಕೆಲಸ ಹೇಗೆ ಅಂತ ನಿನ್ನದೇ ಮ್ಯಾಚ್ ಇಟ್ಟುಕೊಂಡು ಹೇಳುತ್ತೇನೆ.

ನಿಮ್ಮ ಕಡೆ: ನೀನು ಫ್ಯಾಂಟಮ್ ಅಸಾಸಿನ್ ಕ್ಯಾರಿ (ದುಡ್ಡು ಕೂಡಿಸಿ ಕೊನೆಗೆ ಗೆಲ್ಲಿಸುವವನು), ಮಿಡ್‌ನಲ್ಲಿ (ನಡುವಿನ ದಾರಿ) ಲೀನಾ, ಆಫ್‌ಲೇನ್‌ನಲ್ಲಿ (ಎದುರಾಳಿ ಕ್ಯಾರಿ ಇರುವ ದಾರಿ) ಆಕ್ಸ್, ನಾಲ್ಕನೆಯವನು ಅರ್ಥ್‌ಶೇಕರ್, ಐದನೆಯವನು, ಅಂದರೆ ನಿನ್ನ ಚಿಕ್ಕಪ್ಪನ ಮಗ, ಕ್ರಿಸ್ಟಲ್ ಮೇಡನ್. ಕೊನೆಯ ಇಬ್ಬರು ಸಪೋರ್ಟ್, ಉಳಿದವರಿಗೆ ನೆರವಾಗುವವರು. ಎದುರಿಗೆ ಜಗ್ಗರ್‌ನಾಟ್, ಝ್ಯೂಸ್, ಬ್ರಿಸಲ್‌ಬ್ಯಾಕ್, ಲಯನ್, ವಿಚ್ ಡಾಕ್ಟರ್.

ಮ್ಯಾಚ್ ಲೋಡ್ ಆಗುವಾಗಲೇ ಈ ಐದು ಮುಖ ನೋಡಿ ಕೇಳಿಕೊಳ್ಳಬೇಕಾದದ್ದು ಇಷ್ಟೇ. ನನ್ನನ್ನು ನಿಲ್ಲಿಸಿ ಹಿಡಿಯುವವರು ಯಾರು? ನನಗೆ ಬೀಳುವ ಏಟು ಕತ್ತಿಯದೋ, ಸ್ಪೆಲ್‌ನದೋ? ನಾನು ಹೊಡೆಯಬೇಕಾದವನು ಹೇಗೆ ತಪ್ಪಿಸಿಕೊಳ್ಳುತ್ತಾನೆ? ನಿನ್ನ ಮ್ಯಾಚ್‌ನಲ್ಲಿ ಉತ್ತರ ಕಣ್ಣಿಗೆ ಹೊಡೆಯುವಂತಿದೆ. ಲಯನ್ ಹತ್ತಿರ ಸ್ಟನ್ (ಕದಲದ ಹಾಗೆ ಮಾಡುವುದು) ಇದೆ, ಹೆಕ್ಸ್ (ಕಪ್ಪೆಯಾಗಿಸಿ ಏನೂ ಮಾಡಲಾಗದ ಹಾಗೆ ಬಿಡುವುದು) ಇದೆ. ವಿಚ್ ಡಾಕ್ಟರ್ ಹತ್ತಿರ ಒಬ್ಬರಿಂದ ಒಬ್ಬರಿಗೆ ಪುಟಿದು ಸ್ಟನ್ ಮಾಡುವ ಕ್ಯಾಸ್ಕ್ ಇದೆ. ಝ್ಯೂಸ್ ಪೂರ್ತಿ ಸ್ಪೆಲ್ ಹೊಡೆತ. ಕತ್ತಿ ಹಿಡಿದು ಹೊಡೆಯುವವರಲ್ಲಿ ಮುಖ್ಯನಾದವನು ಜಗ್ಗರ್‌ನಾಟ್.

ಈಗ ನೀನು ಕೊಂಡದ್ದು ನೋಡು. ಪವರ್ ಟ್ರೆಡ್ಸ್, ಬ್ಯಾಟಲ್ ಫ್ಯೂರಿ, ಡೆಸೊಲೇಟರ್, ಆಮೇಲೆ ಡಿಡಾಲಸ್‌ಗೆ ದುಡ್ಡು ಕೂಡಿಸುತ್ತಿದ್ದೆ. ಹೊಡೆಯುವ ಐಟಂ ಮೇಲೆ ಹೊಡೆಯುವ ಐಟಂ. ಸ್ಪೆಲ್ ತಡೆಯುವ ಬ್ಲ್ಯಾಕ್ ಕಿಂಗ್ ಬಾರ್ (ಬಿಕೆಬಿ) ಎಲ್ಲಿ? ಅದೇ ಸ್ಕ್ರೀನ್‌ಶಾಟ್‌ನಲ್ಲಿ ಜಗ್ಗರ್‌ನಾಟ್‌ನ ಐಟಂ ನೋಡು, ಮಂಕಿ ಕಿಂಗ್ ಬಾರ್ (ಎಂಕೆಬಿ) ಇದೆ. ಅವನು ಅದನ್ನು ಯಾಕೆ ಕೊಂಡ? ಫ್ಯಾಂಟಮ್ ಅಸಾಸಿನ್ ಏಟು ತಪ್ಪಿಸಿಕೊಳ್ಳುವ ಹೀರೋ, ಎಂಕೆಬಿ ಇದ್ದರೆ ಆ ತಪ್ಪಿಸಿಕೊಳ್ಳುವಿಕೆ ಬಹುಪಾಲು ನಡೆಯುವುದಿಲ್ಲ. ಅವನು ನಿನ್ನನ್ನು ನೋಡಿ ಅಂಗಡಿಗೆ ಹೋದ. ನೀನು ಗೈಡ್ ನೋಡಿ ಹೋದೆ. ಮ್ಯಾಚ್ ಅಲ್ಲೇ ಕೈಬಿಟ್ಟಿತು.

ಬಿಕೆಬಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಹೊಸಬರು ಇದನ್ನು "ರಕ್ಷಣೆ ಐಟಂ, ಆಮೇಲೆ ನೋಡೋಣ" ಅಂತ ಬದಿಗಿಡುತ್ತಾರೆ. ಬೆಲೆ 4000ದ ಆಸುಪಾಸು. ಬೆಲೆಗಳು ಪ್ಯಾಚ್‌ನಿಂದ ಪ್ಯಾಚ್‌ಗೆ ಅಲ್ಪಸ್ವಲ್ಪ ಏರಿಳಿಯುತ್ತವೆ, ಅಂಗಡಿಯಲ್ಲಿ ನೋಡಿಕೋ. ಒತ್ತಿದ ಮೇಲೆ ಕೆಲವು ಸೆಕೆಂಡ್ ಲಯನ್ ಹೆಕ್ಸ್ ಆಗಲಿ, ಕ್ಯಾಸ್ಕ್ ಆಗಲಿ ನಿನಗೆ ತಟ್ಟುವುದಿಲ್ಲ, ಝ್ಯೂಸ್‌ನ ಹೊಡೆತವೂ ತುಂಬಾ ಕಡಿಮೆಯಾಗುತ್ತದೆ. ಫ್ಯಾಂಟಮ್ ಅಸಾಸಿನ್‌ಗೆ ಆ ಕೆಲವು ಸೆಕೆಂಡ್ ಸಿಕ್ಕರೆ ಒಬ್ಬ ಸಪೋರ್ಟ್ ಸತ್ತ ಅಂತಲೇ ಲೆಕ್ಕ. ಕಪ್ಪೆಯಾಗಿ ನಿಂತಿರುವವನ ಕೈಯಲ್ಲಿ ಡಿಡಾಲಸ್ ಇದ್ದರೆಷ್ಟು ಬಿಟ್ಟರೆಷ್ಟು?

ಒತ್ತುವ ಹೊತ್ತು ಇನ್ನೂ ಮುಖ್ಯ. ಹೆಕ್ಸ್ ಬಿದ್ದ ಮೇಲೆ ಬಿಕೆಬಿ ಒತ್ತಲು ಬರುವುದಿಲ್ಲ, ಸ್ಟನ್ ಆದಾಗಲೂ ಅಷ್ಟೇ. ಹಾಗಾಗಿ ಫ್ಯಾಂಟಮ್ ಸ್ಟ್ರೈಕ್ ಹಾಕಿ ಹಾರುವ ಮುಂಚೆಯೇ ಒತ್ತು, ಹಾರಿದ ಮೇಲೆ ನೋಡೋಣ ಅನ್ನಬೇಡ. ಇನ್ನೊಂದು, ಪ್ರತಿ ಸಲ ಬಳಸಿದಾಗ ಅದರ ಅವಧಿ ಕಡಿಮೆಯಾಗುತ್ತಾ ಹೋಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಕಾಡಿನಲ್ಲಿ ಒಬ್ಬ ಸಪೋರ್ಟ್ ಸಿಕ್ಕನೆಂದು ಸುಮ್ನೆ ಒತ್ತಿ ಖರ್ಚು ಮಾಡಬಾರದು. ಮತ್ತೆ ಅದು ಎಲ್ಲವನ್ನೂ ತಡೆಯುವುದಿಲ್ಲ. ಜಗ್ಗರ್‌ನಾಟ್‌ನ ಆಮ್ನಿಸ್ಲ್ಯಾಶ್, ಅಂದರೆ ಸರಸರ ಕತ್ತಿ ಬೀಸುವ ಅವನ ಅಲ್ಟಿಮೇಟ್ (ಹೀರೋನ ದೊಡ್ಡ ಸ್ಪೆಲ್), ಬೀಳುತ್ತದೆ. ವಿಚ್ ಡಾಕ್ಟರ್‌ನ ಡೆತ್ ವಾರ್ಡ್ (ಅವನು ನೆಟ್ಟು ಹೊಡೆಸುವ ಕಂಬ) ಕೂಡ ಬೀಳುತ್ತದೆ, ಅದು ಸ್ಪೆಲ್ ಹೊಡೆತ ಅಲ್ಲ. ಡೆತ್ ವಾರ್ಡ್ ನಿಲ್ಲಿಸಬೇಕಾದವನು ನೀನಲ್ಲ, ನಿಮ್ಮ ಆಕ್ಸ್ ಅಥವಾ ಅರ್ಥ್‌ಶೇಕರ್. ವಿಚ್ ಡಾಕ್ಟರ್‌ಗೆ ಒಂದು ಸ್ಟನ್ ತಗುಲಿದರೆ ವಾರ್ಡ್ ಮುಗಿಯಿತು.

ಹಾಗಾದರೆ ನಿನಗೆ ಕ್ರಮ: ಟ್ರೆಡ್ಸ್, ಮ್ಯಾಜಿಕ್ ವಾಂಡ್, ಬ್ಯಾಟಲ್ ಫ್ಯೂರಿ, ನೇರ ಬಿಕೆಬಿ. ಡೆಸೊಲೇಟರ್ ಅದರ ನಂತರ. ಬ್ಯಾಟಲ್ ಫ್ಯೂರಿ ಇರುವುದು ಕ್ರೀಪ್‌ಗಳನ್ನು (ಕೊಂದರೆ ದುಡ್ಡು ಬರುವ ಸಣ್ಣ ಸೈನಿಕರನ್ನು) ಗುಂಪಾಗಿ ಬೇಗ ಹೊಡೆದು ದುಡ್ಡು ಮಾಡಲು. ಲೇನ್ ಕೆಟ್ಟು 18-20 ನಿಮಿಷವಾದರೂ ಅದು ಕೈಗೆ ಬಂದಿಲ್ಲವೆಂದರೆ ಬಿಟ್ಟುಬಿಡು, ಅಷ್ಟೊತ್ತಿಗೆ ಅದು ದುಡಿದು ಕೊಡುವ ಕಾಲವೇ ಕಳೆದಿರುತ್ತದೆ. ಬ್ರಿಸಲ್‌ಬ್ಯಾಕ್‌ಗೆ ಅಂತ ಸಿಲ್ವರ್ ಎಡ್ಜ್ ಕೊಳ್ಳಬೇಕಾ ಅಂತ ಯಾರೋ ಕೆಳಗೆ ಕೇಳಿದ್ದಾರೆ. ಅದರಿಂದ ಅವನ ಏಟು ತಗ್ಗಿಸುವ ಗುಣ ಕೆಲವು ಸೆಕೆಂಡ್ ಬಂದ್ ಆಗುವುದು ನಿಜ. ಆದರೆ ಅವನಿಗೆ ಏಟು ಕಡಿಮೆ ಬೀಳುವುದು ಬೆನ್ನಿಗೆ ಮತ್ತು ಪಕ್ಕಕ್ಕೆ ಹೊಡೆದಾಗ ಮಾತ್ರ. ಎದುರಿನಿಂದ ಹೊಡೆದರೆ ಪೂರ್ತಿ ಬೀಳುತ್ತದೆ, ಅದಕ್ಕೆ ದುಡ್ಡು ಬೇಕಾಗಿಲ್ಲ. ಅದಕ್ಕಿಂತ ಮೊದಲು ಅವನನ್ನು ಅಲ್ಲೇ ಬಿಟ್ಟು ಲಯನ್ ಮೇಲೆ ಹಾರು ಅಂತ ನಾನು ಹೇಳುತ್ತೇನೆ.

ಇನ್ನು ನಿನ್ನ ಚಿಕ್ಕಪ್ಪನ ಮಗನ ವಿಷಯ. ನಿಜ ಹೇಳಬೇಕಂದ್ರೆ ನಿಮ್ಮ ತಂಡದಲ್ಲಿ ಎಲ್ಲರಿಗಿಂತ ದೊಡ್ಡ ಬದಲಾವಣೆ ಆಗಬೇಕಾದದ್ದು ಇಲ್ಲಿ. ಅವನು ಅಘಾನಿಮ್ಸ್ ಸೆಪ್ಟರ್ ಅನ್ನುವ ದುಬಾರಿ ಐಟಂಗೆ ದುಡ್ಡು ಕೂಡಿಸುತ್ತಾ ಕೂತಿದ್ದ. ಗೈಡ್‌ನಲ್ಲಿ ಇತ್ತು, ಹೌದು. ಆದರೆ ಐದನೆಯವನ ದುಡ್ಡು ಎಲ್ಲಿಂದ ಬರಬೇಕು? ಕ್ರೀಪ್ ಎಲ್ಲಾ ನಿನಗೆ ಬಿಟ್ಟುಕೊಟ್ಟಿದ್ದಾನೆ. ತಾನಾಗಿ ಬರುವ ಚಿಲ್ಲರೆ, ಯಾರನ್ನಾದರೂ ಕೊಂದಾಗ ಬರುವ ಪಾಲು, ಅಷ್ಟೇ. ಅದರ ಮೇಲೆ ಸಾಯುವಾಗೆಲ್ಲ ಕೂಡಿಟ್ಟದ್ದರಲ್ಲಿ ಒಂದಿಷ್ಟು ಹೋಗುತ್ತದೆ. ಸಪೋರ್ಟ್ ಸಾಯುವುದು ಜಾಸ್ತಿ, ಅದು ಅವನ ಕೆಲಸದಲ್ಲೇ ಇದೆ. ಹಾಗಾಗಿ ಸಪೋರ್ಟ್ ಜೇಬಿನಲ್ಲಿ ದುಡ್ಡು ಇಟ್ಟುಕೊಂಡು ತಿರುಗಬಾರದು, ಸಣ್ಣ ಸಣ್ಣದಾಗಿ ಖರ್ಚು ಮಾಡುತ್ತಾ ಇರಬೇಕು.

ಶುರುವಿನಲ್ಲಿ ಎಲ್ಲರಿಗೂ ಸಿಗುವ 600 ಗೋಲ್ಡ್‌ನಲ್ಲಿ ಅವನು ಟ್ಯಾಂಗೋ, ಒಂದು ಸಾಲ್ವ್ (ಎರಡೂ ಹೆಲ್ತ್ ತುಂಬುವವು), ಒಂದೆರಡು ಸೆಂಟ್ರಿ (ಕಣ್ಣಿಗೆ ಕಾಣದವರನ್ನು ತೋರಿಸುವ ವಾರ್ಡ್) ತಗೊಳ್ಳಲಿ. ಸುತ್ತಲಿನ ಜಾಗ ತೋರಿಸುವ ಅಬ್ಸರ್ವರ್ ವಾರ್ಡ್‌ಗೆ ಈಗ ದುಡ್ಡು ಕೊಡಬೇಕಿಲ್ಲ. ನಂತರ ತಕ್ಷಣ ಮ್ಯಾಜಿಕ್ ಸ್ಟಿಕ್, ಬರೀ 200 ಗೋಲ್ಡ್. ಹತ್ತಿರ ಕಾಣುವ ಎದುರಾಳಿ ಸ್ಪೆಲ್ ಹಾಕಿದಾಗೆಲ್ಲ ಅದರಲ್ಲಿ ಒಂದು ಚಾರ್ಜ್ ತುಂಬುತ್ತದೆ, ಒತ್ತಿದರೆ ಒಂದೊಂದು ಚಾರ್ಜ್‌ಗೆ 15 ಹೆಲ್ತ್, 15 ಮಾನಾ (ಸ್ಪೆಲ್ ಹಾಕಲು ಬೇಕಾದ ಶಕ್ತಿ). ಎದುರಿಗೆ ಇರುವವರು ಯಾರು? ಕ್ವಿಲ್ ಸ್ಪ್ರೇ ಬಿಡುವುದನ್ನೇ ನಿಲ್ಲಿಸದ ಬ್ರಿಸಲ್‌ಬ್ಯಾಕ್, ಕ್ಷಣಕ್ಕೊಂದು ಮಿಂಚು ಹೊಡೆಯುವ ಝ್ಯೂಸ್. ಈ ಮ್ಯಾಚ್‌ನಲ್ಲಿ ಸ್ಟಿಕ್ ಐದೂ ಜನರ ಹತ್ತಿರ ಇರಬೇಕಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಒಬ್ಬರ ಹತ್ತಿರವೂ ಇಲ್ಲ! ಅದನ್ನೇ ಬೆಳೆಸಿ ಮ್ಯಾಜಿಕ್ ವಾಂಡ್ ಮಾಡಿಕೊಂಡರೆ 20 ಚಾರ್ಜ್ ಹಿಡಿಯುತ್ತದೆ. ಸಾಯುವ ಗಳಿಗೆಯಲ್ಲಿ ಒಮ್ಮೆಗೆ 300 ಹೆಲ್ತ್ ಅಂದರೆ ತಮಾಷೆಯಾ?

ಬೂಟು ಆದ ಮೇಲೆ ಕ್ರಿಸ್ಟಲ್ ಮೇಡನ್‌ಗೆ ಗ್ಲಿಮರ್ ಕೇಪ್. ಅದನ್ನು ನಿನ್ನ ಮೇಲೂ ಹಾಕಬಹುದು, ತನ್ನ ಅಲ್ಟಿಮೇಟ್ ನಡೆಯುತ್ತಿರುವಾಗ ತನ್ನ ಮೇಲೂ ಹಾಕಿಕೊಳ್ಳಬಹುದು. ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ, ಸ್ಪೆಲ್ ಹೊಡೆತವನ್ನೂ ತಡೆಯುತ್ತದೆ. ಆಮೇಲೆ ಫೋರ್ಸ್ ಸ್ಟಾಫ್, ಹೀರೋವನ್ನು ಮುಂದಕ್ಕೆ ತಳ್ಳುವುದು. ಇವೆರಡು ಇದ್ದರೆ ಅಘಾನಿಮ್ಸ್ ಇಲ್ಲದಿದ್ದರೂ ನಡೆಯುತ್ತದೆ. ಜಗ್ಗರ್‌ನಾಟ್ ಇದ್ದಾನೆ, ಘೋಸ್ಟ್ ಸೆಪ್ಟರ್ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಜಗ್ಗರ್‌ನಾಟ್ ಒಬ್ಬನೇ ಆಗಿದ್ದರೆ ಹೌದು ಅನ್ನುತ್ತಿದ್ದೆ. ಘೋಸ್ಟ್ ಆದಾಗ ಕತ್ತಿ ಏಟು ತಾಗುವುದಿಲ್ಲ, ಆದರೆ ಸ್ಪೆಲ್ ಹೊಡೆತ ಮಾಮೂಲಿಗಿಂತ ಜೋರಾಗಿ ಬೀಳುತ್ತದೆ. ಅಲ್ಲಿ ಝ್ಯೂಸ್ ಕಾಯ್ದುಕೊಂಡು ನಿಂತಿದ್ದಾನೆ. ಒಬ್ಬನಿಗೆ ಮದ್ದು, ಇನ್ನೊಬ್ಬನಿಗೆ ಊಟ. ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ.

ಆಕ್ಸ್ ಹುಡುಗನಿಗೆ ಹೆಚ್ಚು ಹೇಳುವುದಿಲ್ಲ, ಅವನು ಸರಿಯಾಗಿಯೇ ಆಡಿದ್ದಾನೆ. ಕ್ಷಣದಲ್ಲಿ ದೂರಕ್ಕೆ ಹಾರಿಸುವ ಬ್ಲಿಂಕ್ ಡ್ಯಾಗರ್ ಮೊದಲು, ಅದು ಸರಿ. ಎದುರಾಳಿ ಹೀರೋನ ಏಟು ಬಿದ್ದ ಮೇಲೆ 3 ಸೆಕೆಂಡ್ ಬ್ಲಿಂಕ್ ಕೆಲಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ. ಮರಗಳ ಹಿಂದೆ ಕಾಯಬೇಕು, ಮುಂದೆ ನಿಂತು ಏಟು ತಿನ್ನುತ್ತಾ ಕಾಯುವುದಲ್ಲ. ಎರಡನೆಯ ದೊಡ್ಡ ಐಟಂ ಬ್ಲೇಡ್ ಮೇಲ್ (ಬಿದ್ದ ಏಟನ್ನು ಹೊಡೆದವನಿಗೇ ತಿರುಗಿಸುವುದು) ಅಂತ ಗೈಡ್ ಹೇಳುತ್ತದೆ. ಈ ಮ್ಯಾಚ್‌ಗೆ ಪೈಪ್ ಆಫ್ ಇನ್‌ಸೈಟ್ ಅಂತ ನಾನು ಹೇಳುತ್ತೇನೆ. ಝ್ಯೂಸ್‌ನ ಅಲ್ಟಿಮೇಟ್ ಮ್ಯಾಪ್‌ನಲ್ಲಿ ಎಲ್ಲಿದ್ದರೂ ಐದೂ ಜನರಿಗೆ ಬೀಳುತ್ತದೆ. ಪೈಪ್ ಒತ್ತಿದರೆ ಹತ್ತಿರ ಇರುವ ನಮ್ಮವರೆಲ್ಲರ ಮೇಲೆ ಅದನ್ನು ತಡೆಯುವ ಕವಚ ಬರುತ್ತದೆ. ಇದು ತನಗಾಗಿ ಕೊಳ್ಳುವ ಐಟಂ ಅಲ್ಲ, ಸ್ಕೋರ್‌ಬೋರ್ಡ್‌ನಲ್ಲಿ ಹೆಸರೂ ಬರುವುದಿಲ್ಲ. ಅದಕ್ಕೇ ಆಫ್‌ಲೇನ್ ಹುಡುಗರು ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಅರ್ಥ್‌ಶೇಕರ್: ಆರ್ಕೇನ್ ಬೂಟ್ಸ್, ಬ್ಲಿಂಕ್. ಅಷ್ಟು ಸಾಕು, ಮಿಕ್ಕಿದ್ದು ಬೋನಸ್. ಆದರೆ ಆಕ್ಸ್ ಜೊತೆ ಮಾತಾಡಿಕೊಳ್ಳಲಿ, ಇಬ್ಬರೂ ಒಂದೇ ಹೊತ್ತಿಗೆ ಹಾರಿದರೆ ಒಬ್ಬನ ಸ್ಟನ್ ದಂಡ.

ಲೀನಾಗೆ ಬಾಟಲ್ ಸರಿ. ನಂತರ ಯೂಲ್ಸ್ ಸೆಪ್ಟರ್. ಎದುರಾಳಿಯನ್ನು 2.5 ಸೆಕೆಂಡ್ ಗಾಳಿಗೆ ಎತ್ತಿ, ಇಳಿಯುವ ಹೊತ್ತಿಗೆ ಸರಿಯಾಗಿ ಲೈಟ್ ಸ್ಟ್ರೈಕ್ ಅರೇ (ಲೀನಾಳ ಸ್ಟನ್) ಹಾಕಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಇದು ಹಳೆಯ ಜೋಡಿ, ಎಲ್ಲರಿಗೂ ಗೊತ್ತು. ಆದರೆ ಈ ಮ್ಯಾಚ್‌ನಲ್ಲಿ ಅದಕ್ಕೆ ಇನ್ನೊಂದು ಉಪಯೋಗ ಇತ್ತು. ಜಗ್ಗರ್‌ನಾಟ್ ಆಮ್ನಿಸ್ಲ್ಯಾಶ್ ಶುರು ಮಾಡಿದ ಕೂಡಲೇ ಲೀನಾ ತನ್ನ ಮೇಲೇ ಯೂಲ್ಸ್ ಹಾಕಿಕೊಂಡರೆ ಆ 2.5 ಸೆಕೆಂಡ್ ಯಾವ ಏಟೂ ತಾಗುವುದಿಲ್ಲ. ಅಕ್ಕಪಕ್ಕ ಬೇರೆ ಯಾರೂ ಇಲ್ಲದಿದ್ದರೆ ಅವನ ಅಲ್ಟಿಮೇಟ್‌ನ ಬಹುಪಾಲು ಗಾಳಿಗೆ ಹೋಯಿತು.

ಜಗ್ಗರ್‌ನಾಟ್‌ನ ಹೀಲಿಂಗ್ ವಾರ್ಡ್‌ಗೆ (ಹತ್ತಿರ ಇರುವ ಅವರ ಕಡೆಯವರಿಗೆ ಹೆಲ್ತ್ ತುಂಬುವುದು) ಏನು ಮಾಡುವುದು ಅಂತ ಕೇಳಿದ್ದೆ. ವಾರ್ಡನ್ನೇ ಹೊಡೆದು ಕೆಡವುವುದು ಎಲ್ಲಕ್ಕಿಂತ ಅಗ್ಗ. ಆಗದಿದ್ದರೆ ಇಬ್ಬರು ಸಪೋರ್ಟ್‌ಗಳಲ್ಲಿ ಒಬ್ಬರು ಸ್ಪಿರಿಟ್ ವೆಸೆಲ್ ಮಾಡಲಿ, ಹೆಲ್ತ್ ತುಂಬಿಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆ. ಇಬ್ಬರೂ ಮಾಡಬೇಡಿ. ಒಂದು ತಂಡಕ್ಕೆ ಒಂದು ಸಾಕಾಗುವ ಐಟಂಗಳು ಇರುತ್ತವೆ. ಪೈಪ್, ವೆಸೆಲ್, ಮೆಕಾನ್ಸಮ್ ಆ ಥರದವು. ಐದೂ ಜನ ಒಂದೇ ರೂಮಿನಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಾ ಆಡುವವರು ನೀವು. ಯಾರು ಯಾವುದು ಅಂತ ಬಾಯಿಬಿಟ್ಟು ಹೇಳಿಕೊಳ್ಳಲು ನಿಮಗೇನು ಕಷ್ಟ? ಮೈಕ್ ಕೂಡ ಬೇಕಾಗಿಲ್ಲ.

ಫೋನ್‌ನಲ್ಲಿ ಇಂಥದ್ದೇ ಆಟವಾದ ಮೊಬೈಲ್ ಲೆಜೆಂಡ್ಸ್ ಆಡಿ ಬಂದವರು ಈ ಗುಂಪಿನಲ್ಲಿ ತುಂಬಾ ಇದ್ದಾರೆ. 2020ರ ಜೂನ್‌ನಲ್ಲಿ 59 ಆ್ಯಪ್ ಸರ್ಕಾರ ಬಂದ್ ಮಾಡಿದಾಗ ಅದೂ ಹೋಯಿತು, ಆಗ ಎಷ್ಟೋ ಜನ ಪಿಸಿ ಕಡೆ ಬಂದರು. ಅಲ್ಲಿ ನಿಂತಲ್ಲೇ ಐಟಂ ಕೊಂಡರೆ ಕೈಗೆ ಬರುತ್ತಿತ್ತು. ಇಲ್ಲಿ ಕೊರಿಯರ್ (ಸಾಮಾನು ಹೊತ್ತು ತರುವ ಪ್ರಾಣಿ) ತರಬೇಕು, ಅದು ದಾರಿಯಲ್ಲಿ ಸಾಯಬಹುದು. ಜಗಳ ಶುರುವಾದ ಮೇಲೆ ಬಿಕೆಬಿ ಕೊಂಡರೆ ಅದು ಬೇಸ್‌ನಲ್ಲಿ ಕೂತಿರುತ್ತದೆ. ಬೇಕಾದ ಐಟಂ ಅನ್ನು ಶಿಫ್ಟ್ ಹಿಡಿದು ಕ್ಲಿಕ್ ಮಾಡಿ ಕ್ವಿಕ್‌ಬೈಗೆ ಹಾಕಿಟ್ಟುಕೊಳ್ಳಿ. ತಪ್ಪಿ ಕೊಂಡರೆ 10 ಸೆಕೆಂಡ್ ಒಳಗೆ ಮಾರಿದರೆ ಪೂರ್ತಿ ದುಡ್ಡು ವಾಪಸ್, ಆಮೇಲೆ ಅರ್ಧ.

ರೋಲ್ ಅಂದರೆ ಹೀರೋ ಅಲ್ಲ ಅನ್ನುವುದಕ್ಕೂ ಒಂದು ಮಾತು, ಸಿಂಧನೂರಿನವರೊಬ್ಬರು "ಆ ಹೀರೋ ಸಪೋರ್ಟ್ ಮಾತ್ರ" ಅಂತ ಜಗಳಕ್ಕೆ ಇಳಿದಿದ್ದಾರಲ್ಲ, ಅವರಿಗೆ. 2019ರಲ್ಲಿ ಶಾಂಘೈನಲ್ಲಿ ನಡೆದ ಡೋಟಾದ ವಿಶ್ವ ಟೂರ್ನಿ ದಿ ಇಂಟರ್‌ನ್ಯಾಷನಲ್‌ನಲ್ಲಿ ಓಜಿ ತಂಡದ ಆಟಗಾರ ಆನಾ, ಎಲ್ಲರೂ ಸಪೋರ್ಟ್ ಅಂತ ಅಂದುಕೊಂಡಿದ್ದ ಐಓ ಹೀರೋವನ್ನು ಕ್ಯಾರಿಯಾಗಿ ಆಡಿದ. ಆ ವರ್ಷ ಕಪ್ ಗೆದ್ದದ್ದೂ ಓಜಿಯೇ. ಕ್ರೀಪ್ ಯಾರಿಗೆ ಸಿಗುತ್ತದೋ ಅವನು ದೊಡ್ಡ ಐಟಂ ಕೊಳ್ಳುತ್ತಾನೆ. ಹಾಗಂತ ನೀವು ನಾಳೆಯೇ ಕ್ರಿಸ್ಟಲ್ ಮೇಡನ್ ಕ್ಯಾರಿ ಮಾಡಬೇಡಿ.

ಮುಂದಿನ ಮ್ಯಾಚ್‌ನಿಂದ ಒಂದು ಅಭ್ಯಾಸ ಮಾಡಿಕೋ. ಸತ್ತ ಕೂಡಲೇ ಚಾಟ್‌ನಲ್ಲಿ ಬೈಯಲು ಹೋಗಬೇಡ. ಯಾರಿಂದ, ಯಾವ ಸ್ಪೆಲ್‌ನಿಂದ ಎಷ್ಟು ಏಟು ಬಿತ್ತು ಅಂತ ಗೇಮ್ ತಾನೇ ತೋರಿಸುತ್ತದೆ, ಅದನ್ನು ತೆರೆದು ನೋಡು. ಒಂದೇ ಹೆಸರು ಎರಡು ಮೂರು ಸಲ ಮೇಲೆ ಬಂದರೆ ನಿನ್ನ ಮುಂದಿನ ಐಟಂ ಅವನಿಗಾಗಿ. ಬದುಕಿದ್ದಾಗ ಎದುರಾಳಿಯ ಹೀರೋ ಮೇಲೆ ಕ್ಲಿಕ್ ಮಾಡಿ ಅವನ ಐಟಂ ನೋಡುತ್ತಾ ಇರು.

30 ನಿಮಿಷದ ಮೇಲೆ ಕ್ಯಾರಿ ಮತ್ತು ಮಿಡ್ ಇಬ್ಬರೂ ಬೈಬ್ಯಾಕ್‌ಗೆ (ಸತ್ತ ಮೇಲೆ ದುಡ್ಡು ಕೊಟ್ಟು ತಕ್ಷಣ ಎದ್ದು ಬರುವುದಕ್ಕೆ) ಆಗುವಷ್ಟು ದುಡ್ಡು ಇಟ್ಟುಕೊಂಡೇ ದೊಡ್ಡ ಜಗಳಕ್ಕೆ ಹೋಗಿ. ನೀನು ಡಿಡಾಲಸ್‌ನ ಅರ್ಧ ಕೊಂಡು ಕೈ ಖಾಲಿ ಮಾಡಿಕೊಂಡು ಸತ್ತಿದ್ದೀಯ, ಆಮೇಲೆ ಅವರು ನೇರ ಬೇಸ್‌ಗೆ ನುಗ್ಗಿದ್ದಾರೆ. ಒಮ್ಮೆ ಬೈಬ್ಯಾಕ್ ಮಾಡಿದರೆ ಮತ್ತೆ 8 ನಿಮಿಷ ಸಿಗುವುದಿಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಟುಕೋ.

ಇನ್ನು ಕರೆಂಟ್ ಹೋದರೆ ಏನು ಮಾಡುವುದು ಅಂತ ಕೇಳಿದ್ದಕ್ಕೆ: ಉಳಿದವರು ತಕ್ಷಣ ಪಾಜ್ ಒತ್ತಿ ಆಟ ತಡೆಹಿಡಿಯಲಿ, ಹೊರಗೆ ಬಿದ್ದವನು 5 ನಿಮಿಷದೊಳಗೆ ವಾಪಸ್ ಬರಲಿ, ಇಲ್ಲದಿದ್ದರೆ ಅಬ್ಯಾಂಡನ್ (ಆಟ ಬಿಟ್ಟು ಹೋದ ಎಂಬ ಗುರುತು) ಬೀಳುತ್ತದೆ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ಬೇಸಿಗೆ ಬಂತಂದ್ರೆ ನಮ್ಮ ಕಡೆ ಬಿಕೆಬಿಗಿಂತ ಮೊದಲು ಕೊಳ್ಳಬೇಕಾದದ್ದು ಅದೇ. ಮುಂದಿನ ಸಲ ಸೋತಾಗ ಸ್ಕ್ರೀನ್‌ಶಾಟ್ ಬದಲು ಮ್ಯಾಚ್ ಐಡಿ ಹಾಕು, ರೀಪ್ಲೇ ನೋಡಿ ಹೇಳುತ್ತೇನೆ.