ಕಾನ್‌ಗೆ ಹೋಯಿತು ಸರಿ, ಯಾವ ವಿಭಾಗಕ್ಕೆ?

ಪ್ರಿಯ ಓದುಗರೇ,

ಸಿನಿಮಾವೊಂದರ ಪೋಸ್ಟರ್ ಮೇಲೆ ‘ಕಾನ್‌ನಲ್ಲಿ ಪ್ರದರ್ಶನಗೊಂಡ ಚಿತ್ರ’ ಎಂದು ದೊಡ್ಡದಾಗಿ ಬರೆದಿದ್ದನ್ನು ನೋಡಿದಿರಿ. ಆದರೆ ಫ್ರಾನ್ಸಿನ ಆ ಚಿತ್ರೋತ್ಸವದ ಪ್ರಶಸ್ತಿ ಪಟ್ಟಿಯಲ್ಲಾಗಲಿ, ಸ್ಪರ್ಧೆಯ ಪಟ್ಟಿಯಲ್ಲಾಗಲಿ ಅದರ ಹೆಸರೇ ಸಿಗಲಿಲ್ಲ. ‘ದುಡ್ಡು ಕೊಟ್ಟರೆ ಯಾರು ಬೇಕಾದರೂ ಅಲ್ಲಿ ಸಿನಿಮಾ ತೋರಿಸಬಹುದಂತೆ, ನಿಜವೇ? ಹಾಗಿದ್ದರೆ ಆ ಪ್ರಶಸ್ತಿಗಳಿಗೆ ಏನು ಬೆಲೆ?’ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ನೀವು ಕೇಳಿದ್ದು ಅರ್ಧ ನಿಜ. ಆದರೆ ಆ ಅರ್ಧ ನಿಜದಿಂದ ಪ್ರಶಸ್ತಿಯ ಬೆಲೆ ಕಡಿಮೆಯಾಗುವುದಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಊರಿನಲ್ಲಿ ಚಿತ್ರೋತ್ಸವ ನಡೆಯುವಾಗ ಅದರ ಪಕ್ಕದಲ್ಲೇ ಒಂದು ಸಿನಿಮಾ ಮಾರುಕಟ್ಟೆಯೂ ನಡೆಯುತ್ತದೆ. ಅದರ ಹೆಸರು ಮಾರ್ಷೆ ದು ಫಿಲ್ಮ್, 1959ರಿಂದ ಇದೆ. ಸಮುದ್ರದ ದಡದ ಉತ್ಸವ ಭವನದ ಮುಂದೆ ಕೆಂಪುಹಾಸು ಹೊದಿಸಿದ 24 ಮೆಟ್ಟಿಲುಗಳನ್ನು ಟಿವಿಯಲ್ಲಿ ನೋಡಿರುತ್ತೀರಿ. ಅದೇ ಭವನದ ಒಳಗೆ ಸಿನಿಮಾ ಮಾರುವವರ ಮಳಿಗೆಗಳೂ ಇರುತ್ತವೆ. ಅಲ್ಲಿ ಯಾವ ನಿರ್ಮಾಪಕರಾದರೂ ಶುಲ್ಕ ಕಟ್ಟಿ ಹೆಸರು ನೋಂದಾಯಿಸಬಹುದು, ಬಾಡಿಗೆ ಕೊಟ್ಟು ಒಂದು ಹಾಲ್‌ನಲ್ಲಿ ತಮ್ಮ ಚಿತ್ರ ತೋರಿಸಬಹುದು. ನೋಡಲು ಬರುವವರು ವಿತರಕರು, ಬೇರೆ ಉತ್ಸವಗಳ ಆಯ್ಕೆಗಾರರು. ಇದು ವ್ಯಾಪಾರ. ಇದರಲ್ಲಿ ತಪ್ಪೇನೂ ಇಲ್ಲ. ಸಣ್ಣ ಬಜೆಟ್ಟಿನ ಎಷ್ಟೋ ಚಿತ್ರಗಳಿಗೆ ಬೇರೆ ದೇಶದ ಖರೀದಿದಾರರು ಸಿಗುವುದು ಇಲ್ಲೇ. ಆದರೆ ಇಲ್ಲಿ ತೋರಿಸಿದ್ದನ್ನು ‘ಕಾನ್‌ಗೆ ಆಯ್ಕೆ’ ಎಂದು ಹೇಳಿಕೊಳ್ಳುವುದು ಸರಿಯಲ್ಲ. ನಿಮ್ಮ ಪೋಸ್ಟರ್‌ನ ಚಿತ್ರ ಈ ದಾರಿಯಲ್ಲೇ ಹೋಗಿರಬಹುದು.

ಆಯ್ಕೆಯ ದಾರಿ ಬೇರೆ. ಸಾವಿರಾರು ಚಿತ್ರಗಳನ್ನು ನೋಡಿ ಆಯ್ಕೆಗಾರರು ಆರಿಸುತ್ತಾರೆ. ಮುಖ್ಯ ಸ್ಪರ್ಧೆಗೆ ಉಳಿಯುವುದು ಇಪ್ಪತ್ತರ ಆಸುಪಾಸು, 2024ರಲ್ಲಿ 22. ಅವುಗಳಲ್ಲಿ ಒಂದಕ್ಕೆ ಪಾಮ್ ದೋರ್, ಅಂದರೆ ಚಿನ್ನದ ತಾಳೆಗರಿ. ‘ಅಂ ಸರ್ತೇನ್ ರೆಗಾರ್’ ಇನ್ನೊಂದು ವಿಭಾಗ, ಅದಕ್ಕೆ ಬೇರೆಯದೇ ತೀರ್ಪುಗಾರರು. ವಿಮರ್ಶಕರ ವಾರ, ನಿರ್ದೇಶಕರ ಪಾಕ್ಷಿಕ ಎಂಬ ಎರಡನ್ನು ಬೇರೆ ಸಂಘಗಳು ನಡೆಸುತ್ತವೆ. ಅಲ್ಲಿಗೂ ದುಡ್ಡು ಕೊಟ್ಟು ಹೋಗಲಾಗುವುದಿಲ್ಲ. ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ 1988ರಲ್ಲಿ ನಿರ್ದೇಶಕರ ಪಾಕ್ಷಿಕದಲ್ಲಿ ತೆರೆಕಂಡು ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ದೋರ್ ಗೆದ್ದಿತು.

ಪ್ರಶಸ್ತಿಗಳ ಹೆಸರಿನಲ್ಲೂ ಗೊಂದಲವಿದೆ. 1946ರ ಮೊದಲ ಉತ್ಸವದಲ್ಲಿ ಚೇತನ್ ಆನಂದ್ ಅವರ ‘ನೀಚಾ ನಗರ್’ ಗ್ರಾಂಡ್ ಪ್ರಿ ಪಡೆಯಿತು. ಆಗ ಅದೇ ಅತಿ ದೊಡ್ಡ ಪ್ರಶಸ್ತಿ. ಆ ವರ್ಷ 11 ಚಿತ್ರಗಳು ಅದನ್ನು ಹಂಚಿಕೊಂಡವು. ಪಾಮ್ ದೋರ್ ಶುರುವಾಗಿದ್ದು 1955ರಲ್ಲಿ. 2024ರಲ್ಲಿ ಭಾರತದ ನಿರ್ದೇಶಕಿ ಪಾಯಲ್ ಕಪಾಡಿಯಾ ಗೆದ್ದಿದ್ದೂ ಗ್ರಾಂಡ್ ಪ್ರಿಯೇ, ಆದರೆ ಈಗ ಅದು ಎರಡನೆಯ ಸ್ಥಾನದ ಪ್ರಶಸ್ತಿ. ಹಾಗಂತ ಸಾಧನೆ ಸಣ್ಣದೇನಲ್ಲ. ಭಾರತದ ಚಿತ್ರವೊಂದು ಮುಖ್ಯ ಸ್ಪರ್ಧೆಗೆ ಹೋಗಿ ಆಗಲೇ 30 ವರ್ಷವಾಗಿತ್ತು. ಅದಕ್ಕೆ ಮೊದಲು ಕೊನೆಯ ಸಲ ಹೋಗಿದ್ದು ಶಾಜಿ ಕರುಣ್ ಅವರ ‘ಸ್ವಹಂ’, 1994ರಲ್ಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಅದೇ 2024ರಲ್ಲಿ ಕಾನ್‌ನಲ್ಲಿ ಒಂದು ಕನ್ನಡ ಚಿತ್ರ ಮೊದಲ ಬಹುಮಾನ ಗೆದ್ದಿತು. ಮೈಸೂರಿನ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಸ್ಪರ್ಧಿಸಿದ್ದು ಲಾ ಸಿನೆಫ್ ವಿಭಾಗದಲ್ಲಿ, ಅದು ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗಾಗಿ ಇರುವುದು. ಆ ವರ್ಷ ಜಗತ್ತಿನ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು, ಆರಿಸಿದ್ದು 18. ಅವುಗಳಲ್ಲಿ ಇದಕ್ಕೆ ಮೊದಲ ಸ್ಥಾನ, 15,000 ಯೂರೋ ಬಹುಮಾನ. ವೈದ್ಯಕೀಯ ಓದಿದ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಗೆ ಮಾಡಿದ ಸುಮಾರು 16 ನಿಮಿಷದ ಚಿತ್ರ ಇದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ.

ಕಥೆ ನಮಗೆಲ್ಲ ಗೊತ್ತಿರುವುದೇ. ತನ್ನ ಕೋಳಿ ಕೂಗಿದರೇನೇ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯನ್ನು ಅರಿಯದವರು ಯಾರಿದ್ದಾರೆ? ಈ ಚಿತ್ರದಲ್ಲಿ ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರಿಗೆ ಸೂರ್ಯನೇ ಹುಟ್ಟುವುದಿಲ್ಲ. ನಾವು ಮಕ್ಕಳಿಗೆ ಹೇಳಿ ಮರೆತುಬಿಡುವ ಕಥೆಯನ್ನು ಕತ್ತಲಲ್ಲೇ ನಡೆಯುವ ಚಿತ್ರವಾಗಿ ಕಾಣುವುದಕ್ಕೆ ಧೈರ್ಯ ಬೇಕು. ಅದನ್ನು ಬೇರೆ ದೇಶದ ತೀರ್ಪುಗಾರರು ಗುರುತಿಸಿದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು ಹೇಳಿ? ಅದೇ ವಾರ ಕೆಂಪುಹಾಸಿನ ಮೇಲೆ ಯಾರು ಯಾವ ಗೌನ್ ತೊಟ್ಟಿದ್ದರು ಎಂಬ ಸುದ್ದಿಯೇ ಜಾಸ್ತಿ ಓಡಾಡಿತು. ಆ ತಾರೆಯರಲ್ಲಿ ಹಲವರು ಸೌಂದರ್ಯವರ್ಧಕ ಕಂಪನಿಗಳ ರಾಯಭಾರಿಗಳಾಗಿ ಬಂದವರು. ಅವರ ಯಾವ ಚಿತ್ರವೂ ಅಲ್ಲಿ ಇಲ್ಲದೇ ಇರಬಹುದು. ಬಾಡಿಗೆ ಹಾಲ್‌ನ ಪ್ರದರ್ಶನ, ಜಾಹೀರಾತಿನ ನಡಿಗೆ, ಸಾವಿರಾರರಲ್ಲಿ ಒಂದಾಗಿ ಗೆದ್ದ ಚಿತ್ರ, ಮೂರಕ್ಕೂ ‘ಕಾನ್‌ನಲ್ಲಿ ಮಿಂಚು’ ಎಂಬ ಒಂದೇ ತಲೆಬರಹ ಕೊಟ್ಟರೆ ನಿಜವಾಗಿ ಗೆದ್ದವರಿಗೆ ಅನ್ಯಾಯ, ಅಲ್ವಾ? ನನ್ನ ಸಿಟ್ಟು ಇರುವುದು ಇಲ್ಲಿ.

ಇನ್ನು ಮುಂದೆ ಇಂಥ ಪೋಸ್ಟರ್ ಕಂಡರೆ ಎರಡು ವಿಷಯ ನೋಡಿ: ವಿಭಾಗದ ಹೆಸರು, ವರ್ಷ. ಆಯ್ಕೆಯಾದವರು ಎರಡನ್ನೂ ಖುಷಿಯಿಂದ ಹಾಕಿರುತ್ತಾರೆ. ಇಲ್ಲದಿದ್ದರೆ ಉತ್ಸವದ ವೆಬ್‌ಸೈಟಿನಲ್ಲಿ ಆಯಾ ವರ್ಷದ ಪಟ್ಟಿ ಇರುತ್ತದೆ, ಹುಡುಕಲು ಐದು ನಿಮಿಷ ಸಾಕು. ಪಾಕ್ಷಿಕ, ವಿಮರ್ಶಕರ ವಾರಗಳ ಪಟ್ಟಿ ಅವರವರ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಪತ್ರಿಕೆಗಳು ಇಂಥ ಸುದ್ದಿಯನ್ನು ಸುಮ್ನೆ ಹಾಕಿಬಿಡುತ್ತವೆ ಎಂದೂ ಬೇಸರ ಪಟ್ಟಿದ್ದೀರಿ. ನಮ್ಮ ಮಟ್ಟಿಗೆ ಹೇಳುವುದಾದರೆ, ‘ಕಾನ್‌ಗೆ ಆಯ್ಕೆ’ ಎಂದು ಯಾರೇ ಸುದ್ದಿ ಕಳಿಸಿದರೂ ಯಾವ ವಿಭಾಗ ಎಂದು ಕೇಳುತ್ತೇವೆ. ಮಾರುಕಟ್ಟೆಯಲ್ಲಿ ತೋರಿಸಿದ್ದಾದರೆ ಹಾಗೆಂದೇ ಬರೆಯುತ್ತೇವೆ. ಉತ್ತರ ಬಾರದಿದ್ದರೆ ಆ ಸುದ್ದಿ ಹಾಕುವುದಿಲ್ಲ.

– ಸಂಪಾದಕ