ಸೂಪರ್‌ಹೀರೋ ಮತ್ತೆ ಗಂಡಸ್ತನದ ಬಗ್ಗೆ ಕಾಲೇಜಲ್ಲಿ ನಮ್ಮದೇ ನಾಟಕ ಕಟ್ಟೋದು ಹೇಗೆ?

ಮೊದ್ಲೇ ಸ್ಕ್ರಿಪ್ಟ್ ಬರೀಬೇಡಿ. ಬರೆದ್ರೆ ಕೊನೇಲಿ ಒಬ್ಬ ಬಂದು "ಗಂಡಸರೂ ಅಳಬಹುದು" ಅಂತ ಭಾಷಣ ಬಿಗಿದು ಹೋಗ್ತಾನೆ, ಅಷ್ಟೇ ಆಗೋದು.

ಮೈಯಿಂದ ಶುರು ಮಾಡಿ. ಎಲ್ರಿಗೂ ಹೀರೋ ತರ ನಿಲ್ಲೋಕೆ ಹೇಳಿ, ಎದೆ ಉಬ್ಬಿಸಿ, ಸೊಂಟದ ಮೇಲೆ ಕೈ, ಹಾಗೇ ಒಂದೈದು ನಿಮಿಷ ಬಿಡಿ, ಆಮೇಲೆ ಅದೇ ಭಂಗಿ ಸಡಿಲ ಮಾಡದೆ ಅಮ್ಮಂಗೆ ಫೋನ್ ಮಾಡಿ ಫೇಲಾದೆ ಅಂತ ಹೇಳೋ ಸೀನ್ ಆಡಿಸಿ, ನಗುನೂ ಬರುತ್ತೆ ಸಂಕಟನೂ ಬರುತ್ತೆ. ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಸ್ಕ್ರಿಪ್ಟ್ ಅದರಿಂದ ಬರೀರಿ.

ಎರಡನೇದು, ಗುಟ್ಟಿನ ಗುರುತು. 1938ರಲ್ಲಿ ಬಂದ ಸೂಪರ್‌ಮ್ಯಾನ್ ಕನ್ನಡಕ ಹಾಕಿದ್ರೆ ಕ್ಲಾರ್ಕ್ ಕೆಂಟ್ ಅನ್ನೋ ಪುಕ್ಕಲು ವರದಿಗಾರ, ನಮ್ ಶಕ್ತಿಮಾನ್‌ ಕೂಡ ಪೇಪರ್ ಆಫೀಸಲ್ಲಿ ಪೆದ್ದುಪೆದ್ದಾಗಿ ಓಡಾಡೋ ಗಂಗಾಧರ. ಅಂದ್ರೆ ಮೆತ್ತಗಿರೋ ಗಂಡಸು ಬರೀ ವೇಷ, ಗಟ್ಟಿಗನೇ ಅಸಲಿ ಅಂತ ಕಥೆ ಹೇಳ್ತಿದೆ. ಇದನ್ನ ತಿರುಗಿಸಿ ನೋಡಿ, ನಿಮ್ಮ ನಾಟಕದ ಅರ್ಧ ಕೆಲಸ ಇಲ್ಲೇ ಇದೆ.

ಹೆಸರಿಲ್ಲದ ಚೀಟೀಲಿ "ಗಂಡಸಾಗು ಅಂತ ನಿಂಗೆ ಯಾರು, ಯಾವಾಗ ಹೇಳಿದ್ರು" ಅಂತ ಬರೆಸಿ, ಆದ್ರೆ ಬರೆದವನೇ ಅದನ್ನ ಆಡೋದು ಬೇಡ, ಅದಲುಬದಲು ಮಾಡಿ. ಹುಡುಗೀರಿಗೂ ಹೀರೋ ಪಾತ್ರ ಕೊಡಿ, ಯಕ್ಷಗಾನದಲ್ಲಿ ಗಂಡಸ್ರೇ ಸ್ತ್ರೀವೇಷ ಮಾಡ್ಕೊಂಡು ಬಂದಿದಾರಲ್ಲ, ಇದೇನು ದೊಡ್ಡ ವಿಷ್ಯ ಅಲ್ಲ.

ಕಾಸ್ಟ್ಯೂಮಿಗೆ ದುಡ್ಡು ಸುರೀಬೇಡಿ, ಒಂದು ಟವೆಲ್ ಸಾಕು. ಕಂಪನಿಗಳ ಲೋಗೋ, ಹೆಸರು ಬಿಟ್ಟು ನಿಮ್ಮದೇ ಹೀರೋನ ಹುಟ್ಟಿಸಿ, ಕಾಪಿರೈಟ್ ತಲೆನೋವೂ ಇರಲ್ಲ.