18 ತುಂಬಿದರೆ ಅಂಗವಿಕಲ ವೇತನ ನಿಲ್ಲುತ್ತದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗನಿಗೆ ಬುದ್ಧಿಮಾಂದ್ಯ. ಶೇ 75 ಅಂತ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ, ವೇತನ ಬರುತ್ತಿದೆ. ಇನ್ನು ನಾಲ್ಕು ತಿಂಗಳಿಗೆ 18 ತುಂಬುತ್ತದೆ. ಆಮೇಲೆ ರೊಕ್ಕ ಬಂದ್ ಆಗುತ್ತದೆ ಅಂತ ಊರಲ್ಲಿ ಅಂತಾರ. ಮತ್ತೆ ಪರೀಕ್ಷೆ ಮಾಡಿಸಬೇಕೇನ್ರಿ?
– ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ತಾಯಿ, ವಯಸ್ಸಾಯಿತೆಂದು ವೇತನ ನಿಲ್ಲುವುದಿಲ್ಲ. ರಾಜ್ಯದ ಅಂಗವಿಕಲ ವೇತನಕ್ಕೆ ವಯಸ್ಸಿನ ಮಿತಿಯೇ ಇಲ್ಲ. ಶೇ 40ಕ್ಕೆ ಕಡಿಮೆಯಿಲ್ಲದ ವಿಕಲತೆ ಇರಬೇಕು, ಕುಟುಂಬದ ವರಮಾನ ಮಿತಿಯೊಳಗಿರಬೇಕು, ಅಷ್ಟೆ. ಊರವರ ಮಾತು ಹುಟ್ಟುವುದು ಬೇರೆ ಕಡೆಯಿಂದ: 18ಕ್ಕೆ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ, ಮೈನರ್ ಖಾತೆಯನ್ನು ಬ್ಯಾಂಕ್ ತಡೆಹಿಡಿಯುತ್ತದೆ (ಖಾತೆಯ ವಿಷಯ ಮುಂದಿನ ಉತ್ತರದಲ್ಲಿದೆ). ಎರಡರಲ್ಲಿ ಒಂದನ್ನು ಮರೆತವರ ಮನೆಗೆ ರೊಕ್ಕ ಬರುವುದಿಲ್ಲ.

ಪರೀಕ್ಷೆ ಮತ್ತೆ ಮಾಡಿಸಲೇಬೇಕು. ಬೌದ್ಧಿಕ ವಿಕಲತೆಯ ಸರ್ಟಿಫಿಕೇಟನ್ನು 5, 10 ಮತ್ತು 18ನೇ ವಯಸ್ಸಿಗೆ ನವೀಕರಿಸಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ; 18ಕ್ಕೆ ಕೊಟ್ಟದ್ದು ಜೀವನಪರ್ಯಂತ. ಇಲ್ಲೇ ಬಹಳ ಜನ ಎಡವುತ್ತಾರೆ. ಅವಸರಪಟ್ಟು ಹದಿನೇಳೂವರೆಗೇ ವೈದ್ಯಕೀಯ ಬೋರ್ಡ್ ಮುಂದೆ ಕೂರಿಸಿದರೆ ಮತ್ತೆ ಆರು ತಿಂಗಳ ಕಾಗದ ಕೈಗೆ ಬಂದೀತು. ಹಳೆಯ ವರದಿ, ಆಧಾರ್, ಫೋಟೊ ಈಗಲೇ ಜೋಡಿಸಿಡಿ, ಆದರೆ ತಪಾಸಣೆಯ ದಿನ ಹುಟ್ಟುಹಬ್ಬ ದಾಟಿದ ಮೇಲೆ ಬೀಳುವಂತೆ ನೋಡಿಕೊಳ್ಳಿ. ಹುಟ್ಟುಹಬ್ಬ ಎಂದರೆ ಆಧಾರ್‌ನಲ್ಲಿರುವ ತಾರೀಖು. ನಮ್ಮ ಕಡೆ ಅರ್ಧ ಊರೇ ಜನವರಿ 1 ಇಲ್ಲವೇ ಜೂನ್ 1ರಂದು ಹುಟ್ಟಿದೆ! ಶಾಲೆಯ ದಾಖಲೆಗೂ ಆಧಾರ್‌ಗೂ ತಾಳೆ ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿ.

ಯುಡಿಐಡಿ ಕಾರ್ಡಿನ ಸ್ವಾವಲಂಬನ್ ಜಾಲತಾಣದಲ್ಲಿ ನವೀಕರಣದ ಅರ್ಜಿ ಹಾಕಬೇಕು. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹಾಕಿಕೊಡುತ್ತಾರೆ, ಅವರಿಲ್ಲದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಆಸ್ಪತ್ರೆ ಆಯ್ಕೆಯಲ್ಲಿ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಹಾಕಿ. ಬುದ್ಧಿಮತ್ತೆ ಅಳೆಯಲು ಮನಶ್ಶಾಸ್ತ್ರಜ್ಞರು ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕೆಲಸ ಆಗುವುದಿಲ್ಲ. ಅರ್ಜಿಯ ಸ್ವೀಕೃತಿಯ ಒಂದು ಪ್ರತಿಯನ್ನು ಗ್ರಾಮ ಆಡಳಿತಾಧಿಕಾರಿಗೆ ಕೊಟ್ಟಿಡಿ. ನಡುವೆ ಪರಿಶೀಲನೆ ಬಂದರೆ ಅದು ಕೈಹಿಡಿಯುತ್ತದೆ.

ತಪಾಸಣೆಯ ದಿನ ಹುಡುಗನಿಗೆ ಪರೀಕ್ಷೆ ಇರುವಂತೆ ನಿಮಗೂ ಪ್ರಶ್ನೆಗಳಿರುತ್ತವೆ. ದಿನನಿತ್ಯದ ಕೆಲಸ ಎಷ್ಟು ಮಾಡುತ್ತಾನೆ ಎಂಬುದಕ್ಕೂ ಅಂಕ ಉಂಟು. ಮಗನ ಮರ್ಯಾದೆ ಕಾಯಲು "ಎಲ್ಲಾ ತಾನೇ ಮಾಡ್ಕೋತಾನ್ರಿ" ಎಂದರೆ ಮಧ್ಯಮ ಪ್ರಮಾಣದ ಶೇ 75 ಹೋಗಿ, ಸೌಮ್ಯ ಪ್ರಮಾಣದ ಶೇ 50 ಆಗಬಹುದು. ವೇತನವೂ ಕೆಳಗಿನ ದರಕ್ಕೆ ಇಳಿಯುತ್ತದೆ. ಹೆಚ್ಚಿಸಿ ಹೇಳುವುದೂ ಬೇಡ, ಅನುಭವಿಗಳಿಗೆ ಅದು ತಕ್ಷಣ ತಿಳಿಯುತ್ತದೆ. ಇದ್ದದ್ದನ್ನು ಬಿಡಿಸಿ ಹೇಳಿ: ಸ್ನಾನಕ್ಕೆ ಎಷ್ಟು ಸಲ ಕರೆಯಬೇಕು, ನೂರರ ನೋಟಿಗೆ ಚಿಲ್ಲರೆ ಎಣಿಸುತ್ತಾನೋ, ಒಬ್ಬನೇ ಬಸ್ ಹತ್ತಿ ಇಳಿಯುತ್ತಾನೋ.

ಇನ್ನೊಂದು ಮಾತು. 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ನೀವು ಅವನ ಪೋಷಕರಲ್ಲ (ಗಾರ್ಡಿಯನ್ ಅಲ್ಲ). ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಹೊಲದಲ್ಲಿ ಅವನ ಪಾಲು ಇದ್ದರೆ, ಅಥವಾ ಸಹಿ ಎಂದರೇನೆಂದು ಅವನಿಗೆ ತಿಳಿಯದಿದ್ದರೆ ಇದನ್ನು ಮಾಡಿಸಿಕೊಳ್ಳಿ. ಪೋಷಕರಾದವರು ಆರು ತಿಂಗಳೊಳಗೆ ಅವನ ಸ್ಥಿರ, ಚರ ಆಸ್ತಿಗಳ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು.

ಪ್ರಶ್ನೆ: ಮಗಳಿಗೆ ಕಿವಿ ಕೇಳಿಸದು, ಮಾತು ಬಾರದು. 18 ಆದ ಮೇಲೆ ಎರಡು ತಿಂಗಳ ವೇತನ ಕೈಗೆ ಸಿಕ್ಕಿಲ್ಲ. ಬ್ಯಾಂಕಿನವರು ಪೋಷಕರ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ.
– ಓದುಗರು, ಭಾಲ್ಕಿ

ಉತ್ತರ: ತರಬೇಕಿಲ್ಲ. ಪೋಷಕರನ್ನು ನೇಮಿಸುವ ರಾಷ್ಟ್ರೀಯ ನ್ಯಾಸ ಕಾಯ್ದೆ ಮೇಲೆ ಹೇಳಿದ ನಾಲ್ಕು ವಿಕಲತೆಗಳಿಗಷ್ಟೇ, ಕಿವುಡುತನ ಅದರಲ್ಲಿ ಸೇರಿಲ್ಲ. ನಿಮ್ಮ ಮಗಳು ತನ್ನ ಖಾತೆಯನ್ನು ತಾನೇ ನಡೆಸಬಲ್ಲ ವಯಸ್ಕಳು. ಆಗಬೇಕಾದದ್ದು ಮೈನರ್ ಖಾತೆಯನ್ನು ಮೇಜರ್ ಮಾಡಿಸುವುದು: ಆಧಾರ್, ಹೊಸ ಫೋಟೊ, ಕೆವೈಸಿ ಅರ್ಜಿ, ಅವಳದೇ ಸಹಿಯ ಮಾದರಿ. ಮಗಳನ್ನೇ ಕರೆದುಕೊಂಡು ಹೋಗಿ. ಕೊಡದಿದ್ದರೆ ಯಾಕೆ ಕೊಡುವುದಿಲ್ಲವೆಂದು ಬರವಣಿಗೆಯಲ್ಲಿ ಕೇಳಿ, ಸಾಮಾನ್ಯವಾಗಿ ಮಾತು ಅಲ್ಲಿಗೇ ಮುಗಿಯುತ್ತದೆ.

ಖಾತೆ ಸರಿಯಾದರೂ ರೊಕ್ಕ ಕಾಣದಿದ್ದರೆ ಆಧಾರ್ ಜೋಡಣೆ ನೋಡಿಸಿ. ವೇತನ ಹೋಗುವುದು ಆಧಾರ್‌ಗೆ ಕಡೆಯದಾಗಿ ಜೋಡಿಸಿದ ಖಾತೆಗೆ. ಸ್ಕಾಲರ್‌ಶಿಪ್‌ಗೆಂದು ಕಾಲೇಜಿನಲ್ಲಿ ತೆರೆದ ಮರೆತುಹೋದ ಖಾತೆಯಲ್ಲಿ ಅದು ಸುಮ್ಮನೆ ಬಿದ್ದಿರಬಹುದು. 15 ದಾಟಿದ ಮೇಲೆ ಆಧಾರ್‌ನ ಬೆರಳಚ್ಚು ಹೊಸದಾಗಿ ಕೊಟ್ಟಿದ್ದೀರಾ, ಅದನ್ನೂ ನೋಡಿ.

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಮ್ಮನ ಬಲಗಾಲು, ಬಲಗೈ ಎರಡೂ ಮುರಿದು ಊನವಾಗಿವೆ. ಶೇ 35 ಕೊಟ್ಟಿದ್ದಾರೆ. ಬೇರೆ ಜಿಲ್ಲೆಯಲ್ಲಿ ಹೊಸದಾಗಿ ಮಾಡಿಸಿಕೊಡುತ್ತೇನೆ ಎಂದು ಏಜೆಂಟ್ ಹೇಳುತ್ತಾನೆ.
– ಓದುಗರು, ಶಹಾಪುರ

ಉತ್ತರ: ಏಜೆಂಟನಿಗೆ ಒಂದು ಪೈಸೆಯೂ ಕೊಡಬೇಡಿ. ಯುಡಿಐಡಿ ಆಧಾರ್‌ಗೆ ಅಂಟಿಕೊಂಡಿದೆ, ಎಲ್ಲಿಗೆ ಹೋದರೂ ಹಳೆಯ ದಾಖಲೆಯೇ ತೆರೆದುಕೊಳ್ಳುತ್ತದೆ. ಮೊದಲು ಸರ್ಟಿಫಿಕೇಟಿನಲ್ಲಿ ಯಾವ ಅಂಗ ಬರೆದಿದ್ದಾರೆ ಓದಿ. ಕಾಲನ್ನಷ್ಟೇ ಅಳೆದು ಕೈ ಬಿಟ್ಟಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಎರಡು ಊನಗಳನ್ನು ನೇರ ಕೂಡಿಸುವುದಿಲ್ಲ. ಹೆಚ್ಚಿನದಕ್ಕೆ, ಕಡಿಮೆಯದರ ಒಂದು ಭಾಗ ಸೇರಿಸುತ್ತಾರೆ. ಕಾಲಿನದು 35, ಕೈಯದು 18 ಎಂದುಕೊಳ್ಳಿ: 35 + 18 × (90 − 35) ÷ 90, ಅಂದರೆ 46. ವೇತನಕ್ಕೆ ಬೇಕಾದ ಶೇ 40 ದಾಟಿತು. ಕೈಯ ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರ ಇಟ್ಟು ಅದೇ ಬೋರ್ಡಿಗೆ ಮರುಪರಿಶೀಲನೆ ಕೇಳಿ. ಒಪ್ಪದಿದ್ದರೆ 2016ರ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ. ಅರ್ಜಿಯ ದಾರಿಯನ್ನು ಯಾದಗಿರಿಯ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.